ಕಥೆಗಳು ಸರಿ-ತಪ್ಪು, ಪೂರ್ವಗ್ರಹ, ಅಧಿಕಾರವನ್ನು ಹೇಗೆ ತೋರಿಸುತ್ತವೆ?

ಒಳ್ಳೆಯ ಕಥೆ ಉಪದೇಶ ಮಾಡುವುದಿಲ್ಲ. ಯಾರು ಏನು ಮಾಡಿದರು, ಅದರಿಂದ ಯಾರಿಗೆ ಏನಾಯಿತು ಅಂತ ತೋರಿಸುತ್ತದೆ.

ಈಸೋಪನ ತೋಳ ಮತ್ತು ಕುರಿಮರಿಯ ಕಥೆ ನೋಡಿ. ನಾನು ಕುಡಿಯುವ ನೀರನ್ನು ನೀನು ಕದಡಿದೆ ಎಂದು ತೋಳ ಮರಿಯನ್ನು ದೂರುತ್ತದೆ. ‘ನಾನು ಹರಿವಿನ ಕೆಳಗಡೆ ಇದ್ದೇನಲ್ಲ’ ಎನ್ನುತ್ತದೆ ಮರಿ. ಹೋದ ವರ್ಷ ನೀನು ನನ್ನನ್ನು ಬೈದಿದ್ದೆ ಎಂದು ತೋಳ ಹೇಳಿದರೆ, ಆಗ ನಾನು ಹುಟ್ಟೇ ಇರಲಿಲ್ಲ ಎನ್ನುತ್ತದೆ ಮರಿ. ಮರಿಯ ಒಂದೊಂದು ಉತ್ತರವೂ ಸರಿ. ಆದರೂ ತೋಳ ಅದನ್ನು ತಿಂದೇಬಿಡುತ್ತದೆ. ಬಲ ಇದ್ದವರು ಮೊದಲು ತೀರ್ಮಾನ ಮಾಡಿ, ಆಮೇಲೆ ಕಾರಣ ಹುಡುಕುತ್ತಾರೆ ಅಲ್ವಾ? ಅಧಿಕಾರದ ಬಗ್ಗೆ ಇಷ್ಟು ಪ್ರಾಮಾಣಿಕವಾದ ಕಥೆಗಳು ಕಡಿಮೆ ಎಂದೇ ನನ್ನ ಅನಿಸಿಕೆ.

ಪೂರ್ವಗ್ರಹದ ವಿಷಯ ಇಷ್ಟು ನೇರವಲ್ಲ. ಕಥೆ ಅದನ್ನು ಪ್ರಶ್ನಿಸಲೂಬಹುದು, ಸುಮ್ನೆ ಮುಂದಿನ ತಲೆಮಾರಿಗೆ ದಾಟಿಸಲೂಬಹುದು. ಜರ್ಮನಿಯಲ್ಲಿ ಜನಪದ ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸಹೋದರರು 1812ರಲ್ಲಿ ಅಚ್ಚು ಹಾಕಿಸಿದ ಸ್ನೋ ವೈಟ್ ಕಥೆಯಲ್ಲಿ ಹುಡುಗಿಯನ್ನು ಕೊಲ್ಲಿಸಲು ಹೊರಡುವವಳು ಹೆತ್ತ ತಾಯಿಯೇ. 1819ರ ಆವೃತ್ತಿಯಲ್ಲಿ ಅವಳು ಮಲತಾಯಿಯಾದಳು. ತಾಯಿಯ ಹೆಸರು ಉಳಿಯಿತು, ಕಳಂಕ ಮಲತಾಯಿಯ ತಲೆಗೆ ಬಂತು. ಅವಳ ಪರವಾಗಿ ಮಾತಾಡಲು ಕಥೆಯೊಳಗೆ ಯಾರೂ ಇರಲಿಲ್ಲ. ಕುರೂಪ ಇದ್ದವರನ್ನೆಲ್ಲ ದುಷ್ಟರನ್ನಾಗಿ ಮಾಡುವ ಅಭ್ಯಾಸವೂ ಇಂಥದ್ದೇ, ನನಗೆ ಅದು ಜಾಸ್ತಿ ನೋವು ಕೊಡುತ್ತದೆ.

ಆದ್ದರಿಂದ ಯಾವುದೇ ಕಥೆ ಓದುವಾಗ ಒಂದನ್ನು ಗಮನಿಸಿ: ಯಾರಿಗೆ ಮಾತಾಡಲು ಅವಕಾಶ ಸಿಕ್ಕಿದೆ, ಯಾರ ಬಗ್ಗೆ ಬರೀ ಬೇರೆಯವರೇ ಹೇಳುತ್ತಿದ್ದಾರೆ? ಈಗಿನ ಎಷ್ಟೋ ಲೇಖಕರು ಹಳೆಯ ಕಥೆಗಳನ್ನು ಮತ್ತೆ ಬರೆಯುವಾಗ ಹೀಗೆ ಬಾಯಿಲ್ಲದೆ ಉಳಿದವರಿಂದಲೇ ಶುರು ಮಾಡುತ್ತಾರೆ.