ಆಕಾಶ ಕೆಂಪಗಿತ್ತು, ಫೋಟೋ ಯಾಕೆ ಬಿಳಿಚಿತು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಮುಳುಗುವ ಸೂರ್ಯನ ಮೇಲಿನ ದೂರುಗಳೇ. ಮಳೆ ಬಿಟ್ಟ ಮೇಲೆ ನಮ್ಮ ಕಡೆ ಸಂಜೆ ಆಕಾಶ ಹಾಗಿರುತ್ತದೆ, ಯಾರಿಗಾದರೂ ಫೋನ್ ಎತ್ತಬೇಕು ಅನಿಸುತ್ತದೆ. ನಾನು ರೀಲಿನ ಕಾಲದಲ್ಲಿ ಹುಬ್ಬಳ್ಳಿಯ ಕಲರ್ ಲ್ಯಾಬೊಂದರಲ್ಲಿ ಹತ್ತು ವರ್ಷ ಪ್ರಿಂಟ್ ಹಾಕಿದವನು. ಊರವರ ಎಷ್ಟೋ ಸೂರ್ಯಾಸ್ತಗಳು ನನ್ನ ಕೈ ದಾಟಿ ಹೋಗಿವೆ. ಹಾಗಾಗಿ ಸ್ವಲ್ಪ ಜಾಸ್ತಿ ಮಾತಾಡಿದರೆ ಬೇಸರ ಮಾಡಿಕೊಳ್ಳಬೇಡಿ.

ಸರ್, ಗದಗಿನ ಭೀಷ್ಮ ಕೆರೆ ಹತ್ತಿರ ಸಂಜೆ ಫೋಟೋ ತೆಗೆದೆ. ಕಣ್ಣಿಗೆ ಇಡೀ ಆಕಾಶ ಕೇಸರಿ. ಫೋನಿನಲ್ಲಿ ಸೂರ್ಯ ಬಿಳಿ ಚುಕ್ಕೆ, ಸುತ್ತ ತೆಳು ಹಳದಿ. ಫೋನ್ ಕೆಟ್ಟಿದೆಯಾ?
— ಒಬ್ಬ ಶಿಕ್ಷಕಿ, ಬೆಟಗೇರಿ

ಫೋನಿಗೆ ಏನೂ ಆಗಿಲ್ಲ ಅಕ್ಕಾ. ದಂಡೆ, ನೀರು, ಕೂತ ಜನ ಎಲ್ಲ ಕಾಣಲಿ ಅಂತ ಅದು ಬೆಳಕು ಜಾಸ್ತಿ ಮಾಡಿದೆ. ದಂಡೆ ಕಂಡಿತು, ಆಕಾಶ ಹೋಯಿತು.

ಹೇಗೆ ಹೋಗುತ್ತದೆ ಅಂತ ಒಮ್ಮೆ ತಿಳಿದರೆ ಮುಂದಿನದು ಸುಲಭ. ನಳ ಬಂದಾಗ ಮೂರು ಕೊಡ ಇಟ್ಟಿದ್ದೀರಿ ಅಂದುಕೊಳ್ಳಿ. ಕೆಂಪು, ಹಸಿರು, ನೀಲಿ. ಕೇಸರಿ ಅಂದರೆ ಕೆಂಪು ಕೊಡ ತುಂಬಾ ಬಂದಿದೆ, ಹಸಿರು ಅರ್ಧ, ನೀಲಿ ತಳದಲ್ಲಿದೆ. ಈಗ ನೀರು ಇನ್ನೂ ಬಿಟ್ಟರೆ? ಕೆಂಪು ತುಂಬಿ ಚೆಲ್ಲುತ್ತದೆ, ಅದಕ್ಕೆ ಇನ್ನು ಜಾಗ ಇಲ್ಲ. ಹಸಿರು ಮೇಲೇರಿ ಕೇಸರಿ ಹಳದಿಯಾಗುತ್ತದೆ. ಕೊನೆಗೆ ನೀಲಿಯೂ ತುಂಬಿದರೆ ಬಿಳಿ. ನಿಮ್ಮ ಫೋಟೋದಲ್ಲಿ ಸೂರ್ಯ ಬಿಳಿ, ಸುತ್ತ ಹಳದಿ ಬಂದದ್ದು ಇದೇ ಲೆಕ್ಕದಲ್ಲಿ. ಅಲ್ಲಿ ಬಣ್ಣ ಕಡಿಮೆ ಇರಲಿಲ್ಲ, ಬೆಳಕು ಹೆಚ್ಚಾಯಿತು.

ಸೂರ್ಯನ ಪಕ್ಕದ ಆಕಾಶದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಬೀಗದ ಗುರುತು ಬರುತ್ತದೆ, ಪಕ್ಕದಲ್ಲೇ ಬೆಳಕಿನ ಗೀಟು. ಅದನ್ನು ಕೆಳಗೆ ಎಳೆಯಿರಿ, ಮೋಡದ ಅಂಚು ಕಾಣುವ ತನಕ. ಕೆರೆ ಕಪ್ಪಾಗುತ್ತದೆ, ಆಗಲಿ. ಅಲ್ಲಿನ ಬಸವಣ್ಣನ ಮೂರ್ತಿ ಬೆಳಗಿದ ಆಕಾಶಕ್ಕೆ ಅಡ್ಡವಾಗಿ ಸಿಗುವ ಜಾಗ ಹುಡುಕಿ ನಿಂತರೆ ಆ ಕಪ್ಪೇ ಚಿತ್ರ.

ಇನ್ನೊಂದು. ಬಿಳಿ ಬಿಳಿಯಾಗೇ ಕಾಣಲಿ ಅಂತ ಬಣ್ಣ ಸರಿದೂಗಿಸುವ ಫೋನಿನ ಆಟೋ ವೈಟ್ ಬ್ಯಾಲೆನ್ಸ್ ಈ ಕೇಸರಿಯನ್ನು ಬಲ್ಬಿನ ಹಳದಿ ಅಂತ ತಿಳಿದು ತೊಳೆಯಲು ನೋಡುತ್ತದೆ. ಪ್ರೊ ಮೋಡ್ ಇದ್ದರೆ ವೈಟ್ ಬ್ಯಾಲೆನ್ಸನ್ನು 5500 ಕೆಲ್ವಿನ್ನಿಗೆ ಇಡಿ, ಇಲ್ಲವೇ ಮೋಡದ ಗುರುತು ಒತ್ತಿ. ಮತ್ತೆ, ಕೆರೆ ದಂಡೆಯಲ್ಲಿ ಮಿರ್ಚಿ ತಿಂದಿದ್ದರೆ ಲೆನ್ಸ್ ಒರೆಸಿ. ಎಣ್ಣೆ ಬೆರಳು ಒಂದು ಸಲ ತಾಗಿದರೆ ಸಾಕು, ಸೂರ್ಯ ಹರಡಿಕೊಂಡು ಮಂಜಾಗುತ್ತಾನೆ.

ಹೆಗ್ಗೇರಿ ಕೆರೆಗೆ ಮೂರು ಸಂಜೆ ಹೋದೆ. ಎರಡು ದಿನ ಏನೂ ಸಿಗಲಿಲ್ಲ. ಮೂರನೇ ದಿನ ಸೂರ್ಯ ಮುಳುಗಿದ ಅಂತ ಗಾಡಿ ತಿರುಗಿಸಿ ಊರೊಳಗೆ ಬರುವಷ್ಟರಲ್ಲಿ ಆಕಾಶ ಹೊತ್ತಿಕೊಂಡಿತ್ತು. ನನ್ನ ನಸೀಬೇ ಹೀಗಾ?
— ಒಬ್ಬ ಓದುಗ, ಹಾವೇರಿ

ನಸೀಬಲ್ಲ ತಮ್ಮಾ, ಅವಸರ. ಸೂರ್ಯ ನಮಗೆ ಮರೆಯಾದರೂ ಮೇಲಿನ ಮೋಡಕ್ಕೆ ಇನ್ನೂ ಕಾಣುತ್ತಿರುತ್ತಾನೆ. ಕೆಳಗಿನಿಂದ ಬೆಳಕು ಬಿದ್ದು ಅದರ ಹೊಟ್ಟೆ ಕೆಂಪಾಗುವುದು ಆಮೇಲೆ, ಹತ್ತು ಹದಿನೈದು ನಿಮಿಷದೊಳಗೆ. ನಮ್ಮ ಕಡೆ ಸೂರ್ಯ ಹೆಚ್ಚು ಕಮ್ಮಿ ನೆಟ್ಟಗೆ ಇಳಿಯುವುದರಿಂದ ಆಟ ಬೇಗ ಮುಗಿಯುತ್ತದೆ. ಅರ್ಧ ತಾಸು ಸುಮ್ನೆ ಕೂತುಬಿಡಿ. ಸೊಳ್ಳೆ ಕಡಿಯುತ್ತವೆ, ತುಂಬು ತೋಳಿನ ಅಂಗಿ ಹಾಕಿಕೊಂಡು ಹೋಗಿ.

ಎಂಥ ದಿನ ಹೋಗಬೇಕು ಅನ್ನುವುದನ್ನು ಮೂರು ಗಂಟೆಗೇ ಆಕಾಶ ನೋಡಿ ಹೇಳಬಹುದು. ಮೋಡವೇ ಇಲ್ಲದಿದ್ದರೆ ಬಣ್ಣ ಹಿಡಿಯಲು ಏನೂ ಇರಲ್ಲ. ಕೆಳಗೆ ದಟ್ಟ ಮೋಡ ಕವಿದಿದ್ದರೆ ಬೆಳಕು ಒಳಗೆ ಬರಲ್ಲ. ಹಿಂಜಿದ ಹತ್ತಿಯ ಹಾಗೆ ಎತ್ತರದಲ್ಲಿ ಮೋಡ ಇರಬೇಕು, ಪಡುವಣದ ಅಂಚು ಮಾತ್ರ ತೆರೆದಿರಬೇಕು. ಮಳೆ ಬಂದು ಹೋದ ಮಾರನೇ ದಿನ ಇನ್ನೂ ಒಳ್ಳೆಯದು. ಮುಳುಗುವ ಹೊತ್ತಿಗೆ ಬೆಳಕು ನಡುಮಧ್ಯಾಹ್ನಕ್ಕಿಂತ ಮೂವತ್ತು ಪಟ್ಟಿಗೂ ಹೆಚ್ಚು ಗಾಳಿಯನ್ನು ತೂರಿ ಬರುತ್ತದೆ. ದಾರಿಯಲ್ಲಿ ನೀಲಿ ಚದುರಿ ಹೋಗಿ ಕೆಂಪು ಉಳಿಯುತ್ತದೆ. ಗಾಳಿ ತೊಳೆದಿದ್ದರೆ ಆ ಕೆಂಪು ಚೊಕ್ಕ. ಬೇಸಿಗೆಯ ಧೂಳಿನಲ್ಲಿ ಸೂರ್ಯ ತಾಮ್ರದ ತಟ್ಟೆಯ ಹಾಗೆ ಚಂದ ಕಾಣುತ್ತಾನೆ, ಆದರೆ ಆಕಾಶ ಬೂದಿ.

ಹೊತ್ತಿನ ಲೆಕ್ಕ: ನವೆಂಬರ್ ಕೊನೆಗೆ ಹತ್ತಿರ ಹತ್ತಿರ 6 ಗಂಟೆ, ಜುಲೈ ಮೊದಲಿಗೆ 7 ದಾಟುತ್ತದೆ. ಜಾಗವೂ ಸರಿಯುತ್ತದೆ. ಜೂನ್‌ನಲ್ಲಿ ನೇರ ಪಶ್ಚಿಮಕ್ಕಿಂತ 24 ಡಿಗ್ರಿ ಬಲಕ್ಕೆ, ಡಿಸೆಂಬರ್‌ನಲ್ಲಿ ಅಷ್ಟೇ ಎಡಕ್ಕೆ. ಹೋದ ವರ್ಷ ಮರದ ಹಿಂದೆ ಮುಳುಗಿದ್ದ ಅಂತ ಬೇರೆ ತಿಂಗಳು ಹೋಗಿ ಕೂತರೆ ಅಲ್ಲಿ ಬರುವುದಿಲ್ಲ.

ನೃಪತುಂಗ ಬೆಟ್ಟದಿಂದ ತೆಗೆದ ಫೋಟೋ ಎಡಿಟ್ ಮಾಡಿ ಸ್ಟೇಟಸ್‌ಗೆ ಹಾಕಿದೆ. ಗೆಳೆಯ ‘ಏನಲೇ, ಶಿರಾಕ್ಕ ಬಣ್ಣ ಜಾಸ್ತಿ ಹಾಕೀಯಲ್ಲ’ ಅಂದ. ಎರಡೂ ಫೋಟೋ ಕಳಿಸಿದ್ದೇನೆ. ತಪ್ಪೆಲ್ಲಿ?
— ಕಾಲೇಜು ಹುಡುಗ, ಹುಬ್ಬಳ್ಳಿ

ನಿಮ್ಮ ಗೆಳೆಯನಿಗೆ ಕಣ್ಣು ಸರಿಯಾಗಿದೆ. ಮೂಲ ಫೋಟೋ ಚೆನ್ನಾಗಿದೆ, ಅದನ್ನು ಕೆಡಿಸಿದ್ದು ಬಣ್ಣ ಏರಿಸುವ ಸ್ಯಾಚುರೇಷನ್ ಗೀಟು. ಹಿಗ್ಗಿಸಿ ನೋಡಿದೆ. ಸೂರ್ಯನ ಕೆಳಗೆ ಮೂರು ಪದರ ಮೋಡ ಇದ್ದವಲ್ಲ, ನಿಮ್ಮ ಎಡಿಟ್‌ನಲ್ಲಿ ಒಂದೇ ಬಳಿದ ಗೋಡೆ ಆಗಿದೆ. ಅಲ್ಲಿ ಕೆಂಪು ಕೊಡ ಮೊದಲೇ ತುಂಬಿತ್ತು. ಗೀಟು ಎಳೆದಾಗ ಪಕ್ಕದ ಕೇಸರಿಗಳೂ ಹೋಗಿ ಅದೇ ಅಂಚಿಗೆ ಬಡಿದವು. ಬೇರೆ ಬೇರೆ ಇದ್ದ ಬಣ್ಣಗಳು ಒಂದಾದವು.

ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ. ಮೊದಲ ಡಿಜಿಟಲ್ ಕ್ಯಾಮೆರಾ ಕೊಂಡ ವರ್ಷ ಕಪ್ಪತಗುಡ್ಡ ಹತ್ತಿದ್ದೆ, ಅಂಗಡಿಯೊಂದರ ಕ್ಯಾಲೆಂಡರಿಗೆ ಚಿತ್ರ ಕೊಡಬೇಕಿತ್ತು. ಗಾಳಿಯಂತ್ರಗಳ ಹಿಂದೆ ಸೂರ್ಯ, ಅಂಥ ಸಂಜೆ ಮತ್ತೆ ಸಿಕ್ಕಿಲ್ಲ. ಹಿಸ್ಟೋಗ್ರಾಮ್ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಇಟ್ಟು ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನೋಡಿದೆ, ಸರಿಯಾಗೇ ಇತ್ತು. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದರೆ ಸೂರ್ಯ ಕುಂಕುಮದ ಬೊಟ್ಟು ಅಂಟಿಸಿದ ಹಾಗೆ ಚಪ್ಪಟೆ. ನಾನು ನೋಡಿದ್ದು ಮೂರೂ ಬಣ್ಣ ಕೂಡಿಸಿದ ಹಿಸ್ಟೋಗ್ರಾಮ್. ಕೆಂಪಿನದು ಬೇರೆಯಾಗಿ ನೋಡಿದ್ದರೆ ಬಲಗೋಡೆಗೆ ಒತ್ತಿಕೊಂಡಿದ್ದು ತಿಳಿಯುತ್ತಿತ್ತು. ಸಾಲದ್ದಕ್ಕೆ ಅದು ಕ್ಯಾಮೆರಾ ಒತ್ತಿ ಚಿಕ್ಕದು ಮಾಡಿದ ಜೆಪೆಗ್ ಫೈಲು, ವಾಪಸ್ ತರಲು ಒಳಗೆ ಏನೂ ಇರಲಿಲ್ಲ. ಆ ವರ್ಷ ಕ್ಯಾಲೆಂಡರಿನಲ್ಲಿ ದೇವರ ಫೋಟೋ ಬಂತು.

ಆಮೇಲಿಂದ ನನ್ನ ರೂಢಿ ಹೀಗಿದೆ. ಕ್ಯಾಮೆರಾ ಹಿಡಿದದ್ದನ್ನೆಲ್ಲ ಹಾಗೇ ಇಡುವ ರಾ ಫೈಲಿನಲ್ಲೇ ತೆಗೆಯುತ್ತೇನೆ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್ ರಾದಲ್ಲಿ 16,384. ಆಕಾಶವನ್ನು ಎಳೆದಾಡಿದಾಗ ಪಟ್ಟೆ ಪಟ್ಟೆ ಬರುವುದು ಮೆಟ್ಟಿಲು ಸಾಲದೇ ಹೋದಾಗ. ಐಎಸ್ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100, ಅಪರ್ಚರ್ (ಲೆನ್ಸಿನೊಳಗಿನ ಕಿಂಡಿ) ಎಫ್8, ಕ್ಯಾಮೆರಾ ಹೇಳಿದ್ದಕ್ಕಿಂತ ಒಂದು ಸ್ಟಾಪ್ ಕಡಿಮೆ, ಅಂದರೆ ಅರ್ಧ ಬೆಳಕು.

ಎಡಿಟ್ ಮಾಡುವಾಗ ಬಣ್ಣಕ್ಕೆ ಕೊನೆಗೇ ಕೈ ಹಾಕುವುದು. ಮೊದಲು ಹೈಲೈಟ್ (ಅತಿ ಬೆಳಗಿದ ಭಾಗ) ಇಳಿಸಿ, ಮೋಡದ ಗೆರೆ ಮೂಡುವ ತನಕ. ನೆರಳನ್ನು ಚೂರೇ ಎತ್ತಿ. ಬೆಟ್ಟದ ಮರಗಳನ್ನೆಲ್ಲ ಎಣಿಸುವ ಹಾಗೆ ಬೆಳಗಿಸಿದರೆ ಸಂಜೆ ಅನಿಸುವುದೇ ಇಲ್ಲ. ಲೈಟ್‌ರೂಮ್ ಇದ್ದರೆ ಕಲರ್ ಮಿಕ್ಸ್‌ನಲ್ಲಿ ಆರೆಂಜ್ ಆರಿಸಿ ಅದರ ಲೂಮಿನನ್ಸ್ (ಆ ಬಣ್ಣದ ಹೊಳಪು) ಹತ್ತು ಹದಿನೈದು ಇಳಿಸಿ ನೋಡಿ. ಸ್ಯಾಚುರೇಷನ್ ಮುಟ್ಟಿಲ್ಲ, ಆದರೂ ಕೇಸರಿ ಗಾಢವಾಗುತ್ತದೆ! ರಾ ಫೈಲಾಗಿದ್ದು ಕೆಂಪು ತುಂಬಿಕೊಂಡಿದೆ ಅನಿಸಿದರೆ ಪ್ರೊಫೈಲನ್ನು ಅಡೋಬಿ ನ್ಯೂಟ್ರಲ್‌ಗೆ ಬದಲಿಸಿ, ಎಷ್ಟೋ ಸಲ ಅಲ್ಲೇ ಮೋಡದ ಪದರ ಮರಳಿ ಬರುತ್ತದೆ. ಸ್ನ್ಯಾಪ್‌ಸೀಡ್ ಮಾತ್ರ ಇದ್ದರೆ ಸೆಲೆಕ್ಟಿವ್‌ನಲ್ಲಿ ಆಕಾಶದ ಮೇಲೆ ಚುಕ್ಕೆ ಇಟ್ಟು ಬ್ರೈಟ್‌ನೆಸ್ ಇಳಿಸಿ. ಮೇಲ್ಗಡೆ ನೇರಳೆ ನೀಲಿ ಇದೆಯಲ್ಲ, ಅದನ್ನು ಕೇಸರಿ ಮಾಡಬೇಡಿ. ಅದು ಪಕ್ಕದಲ್ಲಿದ್ದರೇ ಕೇಸರಿಗೆ ಬೆಲೆ.

ಇಷ್ಟಾದ ಮೇಲೆ ಎದ್ದು ಹೋಗಿ ಚಹಾ ಕುಡಿದು ಬನ್ನಿ. ಒಂದೇ ಸಮ ನೋಡುತ್ತಿದ್ದರೆ ಕಣ್ಣು ಎಷ್ಟು ಬಣ್ಣಕ್ಕೂ ಹೊಂದಿಕೊಳ್ಳುತ್ತದೆ. ಬಂದ ಮೇಲೂ ಸಪ್ಪೆ ಅನಿಸಿದರೆ ಮಂದ ಬಣ್ಣಗಳನ್ನೇ ಹೆಚ್ಚು ಎತ್ತುವ ವೈಬ್ರೆನ್ಸ್ ಗೀಟನ್ನು ಹತ್ತಕ್ಕೆ ಇಡಿ.

ಮಾಗಡಿ ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತುಗಳ ಹಿಂದೆ ದೊಡ್ಡ ಸೂರ್ಯ ಬೇಕು. ನನ್ನದರಲ್ಲಿ ಸಾಸಿವೆ ಕಾಳಿನಷ್ಟು ಬರುತ್ತಾನೆ.
— ಒಬ್ಬ ಓದುಗ, ಶಿರಹಟ್ಟಿ

ಲೆನ್ಸಿನ ಎಂಎಂ ಅನ್ನು 109ರಿಂದ ಭಾಗಿಸಿ, ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಮೇಲೆ ಬೀಳುವ ಸೂರ್ಯನ ಅಗಲ ಸಿಗುತ್ತದೆ. 50 ಎಂಎಂಗೆ ಅರ್ಧ ಮಿಲಿಮೀಟರೂ ಇಲ್ಲ. 400ಕ್ಕೆ ಮೂರೂವರೆ ದಾಟುತ್ತದೆ. ಬಾತುಗಳಿಂದ ದೂರ ನಿಂತು ಉದ್ದ ಲೆನ್ಸ್ ಹಾಕಿದರೆ ಅವು ಚಿಕ್ಕದಾಗುತ್ತವೆ, ಸೂರ್ಯ ಅಷ್ಟೇ ಇರುತ್ತಾನೆ. ಹೇಗೂ ಹತ್ತಿರ ಹೋದರೆ ಹಾರಿಹೋಗುತ್ತವೆ. ಒಂದು ಎಚ್ಚರ: ಸೂರ್ಯನಿಗೆ ಇನ್ನೂ ಖಾರ ಇದ್ದಾಗ ಉದ್ದ ಲೆನ್ಸ್ ಹಾಕಿದ ಡಿಎಸ್ಎಲ್ಆರ್ ಕ್ಯಾಮೆರಾದ ಕಿಂಡಿಗೆ ಕಣ್ಣಿಡಬೇಡಿ. ಹಿಂದಿನ ಪರದೆಯಲ್ಲೇ ನೋಡಿ.

ಆ್ಯಪ್‌ನಲ್ಲಿ ಬೇರೆ ಆಕಾಶ ಕೂಡಿಸಬಹುದಾ?
— ಓದುಗ, ರಾಣೇಬೆನ್ನೂರು

ಮದುವೆ ಬ್ಯಾನರಿಗೆ ಕೂಡಿಸಿ. ಸ್ಪರ್ಧೆಗೆ ಕಳಿಸಬೇಡಿ. ಕೆರೆ ನೀರಿನಲ್ಲಿ ಹಳೆಯ ಆಕಾಶವೇ ಉಳಿದಿರುತ್ತದೆ, ಸಿಕ್ಕಿಬೀಳುತ್ತೀರಿ.

ಉಣಕಲ್ ಕೆರೆಯ ಫೋಟೋ ಫೋನಿನಲ್ಲಿ ಝಗಮಗ. ದೊಡ್ಡದಾಗಿ ಪ್ರಿಂಟ್ ಹಾಕಿಸಿದರೆ ಕಪ್ಪು ಕಪ್ಪು.
— ಒಬ್ಬ ಗೃಹಿಣಿ, ಧಾರವಾಡ

ಫೋನಿನ ಪರದೆ ತಾನೇ ಬೆಳಗುತ್ತದೆ ಅಕ್ಕಾವ್ರೆ, ಕಾಗದ ಬೆಳಗುವುದಿಲ್ಲ. ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿ ನೋಡಿ, ಆಗ ಕಪ್ಪೆನಿಸಿದರೆ ಪ್ರಿಂಟೂ ಕಪ್ಪೇ. ಸ್ವಲ್ಪ ಬೆಳಗಿಸಿ ಮೊದಲು 4x6 ಒಂದು ಹಾಕಿಸಿ, ಹಗಲು ಕಿಟಕಿ ಹತ್ತಿರ ಹಿಡಿದು ನೋಡಿ, ಆಮೇಲೆ ದೊಡ್ಡದು. ಲ್ಯಾಬಿನವರಿಗೆ ‘ಆಟೋ ಕರೆಕ್ಷನ್ ಬೇಡ’ ಅಂತ ಮೊದಲೇ ಹೇಳಿ. ಹೇಳದಿದ್ದರೆ ಮಷೀನು ಕೇಸರಿಯನ್ನು ದೋಷ ಅಂತ ತಿಳಿದು ತೆಗೆದುಬಿಡಬಹುದು. ನಾನೇ ಎಷ್ಟೋ ಜನರ ಸಂಜೆಯನ್ನು ಮಟಮಟ ಮಧ್ಯಾಹ್ನ ಮಾಡಿ ಕವರಿಗೆ ಹಾಕಿ ಕೊಟ್ಟಿದ್ದೇನೆ.