ಕೆಂಪು ಬಿಲ್ಲೆ ಸೈನ್ಯದ ಪದಕ ಅಲ್ಲ

ಸಿಂಗಾಪುರದ ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡ ಎರಡು ಬಿಲ್ಲೆ ಚೀನಾ ಸೈನ್ಯದ ಪದಕಗಳಾ ಅಂತ ಕೇಳಿದ್ದೀರಿ. ಕೆಂಪನೆಯದು ಖಂಡಿತ ಅಲ್ಲ ಸರ್. ಎಡಕ್ಕೆ ಮುಖ ಮಾಡಿರುವವರು ಚೀನಾದ ಕಮ್ಯುನಿಸ್ಟ್ ನಾಯಕ ಮಾವೋ, ಸುತ್ತ ಇರುವುದು ಸೂರ್ಯಕಾಂತಿ, ಅಂದರೆ ಮಾವೋ ಸೂರ್ಯ, ಜನ ಹೂವು. ಮಾವೋ ಚೀನಾದಲ್ಲಿ ಹುಟ್ಟುಹಾಕಿದ ಸಾಂಸ್ಕೃತಿಕ ಕ್ರಾಂತಿ ಎಂಬ ರಾಜಕೀಯ ಚಳವಳಿಯ ಶುರುವಿನಲ್ಲಿ, 1966ರಿಂದ 1969ರ ತನಕ, ಇಂಥವನ್ನು ನೂರಾರು ಕೋಟಿ ಲೆಕ್ಕದಲ್ಲಿ ಅಚ್ಚು ಹಾಕಿದರು. ಕೈಯಲ್ಲಿ ಹಿಡಿದು ನೋಡಿ, ಗಾತ್ರಕ್ಕೆ ತಕ್ಕ ತೂಕವೇ ಇಲ್ಲ ಅಲ್ವಾ? ಅಲ್ಯೂಮಿನಿಯಂ. ವಿಮಾನಕ್ಕೂ ಬೇಕಾದ ಈ ಲೋಹ ಬಿಲ್ಲೆಗಳಿಗೆ ಎಷ್ಟು ಹೋಯಿತೆಂದರೆ, ಕೊನೆಗೆ ಮಾವೋ ಅವರೇ ನನ್ನ ವಿಮಾನಗಳನ್ನು ವಾಪಸ್ ಕೊಡಿ ಅಂದರಂತೆ! ಹೊಸದಾಗಿ ಮಾಡಿದವೂ ಜಾಸ್ತಿ ಓಡಾಡುತ್ತಿವೆ, ದೊಡ್ಡ ಬೆಲೆ ನಿರೀಕ್ಷಿಸಬೇಡಿ.

ನನಗೆ ಕುತೂಹಲ ಆಗಿದ್ದು ನೀಲಿಯದು. 12 ಕಿರಣದ ಬಿಳಿ ಸೂರ್ಯ, ಕಮ್ಯುನಿಸ್ಟರಿಗಿಂತ ಮೊದಲು ಚೀನಾ ಆಳುತ್ತಿದ್ದ ಕುಮಿಂಟಾಂಗ್ ಪಕ್ಷದ ಗುರುತು. ಬಿಲ್ಲೆಯ ಹಿಂಭಾಗದಲ್ಲಿ ಅಡ್ಡಸಾಲಿನಲ್ಲಿ ಎರಡು ಗೀಟು, ಕೂಡಿಸುವ ಚಿಹ್ನೆಯಂಥ ಅಕ್ಷರ, ಆಮೇಲೆ ಮೂರು ಗೀಟು ಕಾಣುತ್ತಿದೆ. ಆ ಚಿಹ್ನೆ ಅಂದರೆ ಹತ್ತು. ನಾವು ಓದುವ ಹಾಗೆ ಓದಿದರೆ 23, ಆದರೆ ಆಗ ಅಡ್ಡಸಾಲನ್ನು ಸಾಮಾನ್ಯವಾಗಿ ಬಲದಿಂದ ಎಡಕ್ಕೆ ಬರೆಯುತ್ತಿದ್ದರು, ಹಾಗಾಗಿ 32. ಅದು ಇಸವಿ; ಆಗ ಅಲ್ಲಿ 1912ನ್ನು ಒಂದನೇ ವರ್ಷ ಅಂತ ಎಣಿಸುತ್ತಿದ್ದರು, ಅದಕ್ಕೆ 1911 ಕೂಡಿಸಿ, 1943 ಬರುತ್ತೆ. ನಾನೂ ಮೊದಲು ಇದರಲ್ಲೇ ಎಡವಿದ್ದೆ. ಸುಮ್ನೆ ಬ್ರಾಸೋ ಹಾಕಿ ಉಜ್ಜಬೇಡಿ, ಬಣ್ಣ ಎದ್ದುಹೋಗುತ್ತೆ. ಹಿಂಭಾಗದ್ದು ಇನ್ನೊಂದು ಫೋಟೋ ಹಾಕಿ, ಹತ್ತಿರದಿಂದ.