ನೆಟ್ ಪದೇ ಪದೇ ಕಟ್ ಆಗುತ್ತಿದ್ದರೆ ಮೊದಲು ರೌಟರ್ ಆಫ್ ಮಾಡಬೇಡಿ

ಸಂಜೆಯಾದರೆ ಸಾಕು, ಮನೆಯ ಫೈಬರ್ ನೆಟ್ ಕಟ್ ಆಗುತ್ತದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ರೌಟರ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ. ಸರಿಹೋಗದೆಯೇ ದೂರು ಕ್ಲೋಸ್ ಆಗಿರುತ್ತದೆ. ಏನು ಮಾಡಲಿ ಅಂತ ಕೇಳಿದ್ದೀರಿ.

ನಾನು ಬೆಂಗಳೂರಲ್ಲೇ ಸಿಸ್ಟಂ ಅಡ್ಮಿನ್. ಆಫೀಸಿನಲ್ಲಿ ಏನಾದರೂ ಕೆಟ್ಟರೆ ನಾವು ಮೊದಲು ನೋಡುವುದು "ಎಲ್ಲಿಯವರೆಗೆ ಸರಿ ಇದೆ?" ಅಂತ. ನಿಮಗೂ ಬೇಕಾಗಿರುವುದು ಅದೇ. ಯಾವ ಜಾಗದಲ್ಲಿ ಕೆಟ್ಟಿದೆ ಅಂತ ನೀವೇ ಹೇಳಿದರೆ, ಅವರು ಸುಮ್ನೆ ಅದೇ ಮಾತು ಓದಿ ಫೋನ್ ಇಡುವುದು ಕಷ್ಟ.

ಕಟ್ ಆದ ತಕ್ಷಣ ರೌಟರ್ ಮುಟ್ಟಬೇಡಿ. ಎಷ್ಟೋ ರೌಟರ್‌ಗಳಲ್ಲಿ ಆಫ್ ಮಾಡಿದ ಕೂಡಲೇ ಲಾಗ್, ಅಂದರೆ ಏನೇನಾಯಿತು ಅಂತ ಅದು ಬರೆದಿಟ್ಟುಕೊಂಡದ್ದು, ಅಳಿಸಿಹೋಗುತ್ತದೆ. ಇದ್ದ ಸಾಕ್ಷಿಯೂ ಹೋಯಿತು ಅಲ್ವಾ? ಮೊದಲು ಫೈಬರ್ ಬಂದು ಸೇರುವ ಡಬ್ಬಿಯಲ್ಲಿ ಎಲ್‌ಒಎಸ್ ಅನ್ನುವ ದೀಪ ನೋಡಿ. ಅದು ಕೆಂಪಾಗಿದ್ದರೆ ಫೈಬರ್ ಒಳಗೆ ನೆಟ್ ಹೊತ್ತು ತರುವ ಬೆಳಕು ನಿಮ್ಮ ಮನೆಯವರೆಗೆ ಸರಿಯಾಗಿ ಬರುತ್ತಿಲ್ಲ. ರೌಟರ್ ಎಷ್ಟು ಸಲ ಆಫ್ ಮಾಡಿದರೂ ಅದರಿಂದ ಲೈನ್ ರಿಪೇರಿ ಆಗುವುದಿಲ್ಲ. ಫೋಟೋ ತೆಗೆದಿಟ್ಟುಕೊಳ್ಳಿ. ಫೋಟೋದಲ್ಲಿ ಸಮಯವೂ ಉಳಿಯುತ್ತದೆ.

ದೀಪ ಕೆಂಪಾಗಿಲ್ಲದಿದ್ದರೆ ಲ್ಯಾಪ್‌ಟಾಪನ್ನು ವೈರ್ ಹಾಕಿ ರೌಟರ್‌ಗೆ ಸೇರಿಸಿ. ಪರದೆಯ ಮೇಲೆ ಕಮಾಂಡ್ ಪ್ರಾಂಪ್ಟ್‌ನ ಎರಡು ಕಿಟಕಿ ತೆರೆಯಿರಿ. ಒಂದರಲ್ಲಿ ರೌಟರ್‌ಗೆ ಪಿಂಗ್ ಮಾಡಿ, ಅಂದರೆ ping ಅಂತ ಬರೆದು ಮುಂದೆ ಅದರ ವಿಳಾಸ ಹಾಕಿ, ಉತ್ತರ ಬರುತ್ತದಾ ನೋಡಿ. ಜಾಸ್ತಿ ಮನೆಗಳಲ್ಲಿ ಅದರ ವಿಳಾಸ 192.168.1.1 ಅಥವಾ 192.168.0.1. ಇನ್ನೊಂದರಲ್ಲಿ ಹೊರಗಿನ 8.8.8.8ಕ್ಕೆ, ಅಂದರೆ ಗೂಗಲ್ ಸರ್ವರ್‌ಗೆ, ಪಿಂಗ್ ಮಾಡಿ. ರೌಟರೇ ಉತ್ತರ ಕೊಡದಿದ್ದರೆ ತೊಂದರೆ ಮನೆಯೊಳಗೇ ಇದೆ. ರೌಟರ್ ಉತ್ತರ ಕೊಡುತ್ತಿದೆ, ಹೊರಗಿನದು ನಿಂತಿದೆ ಅಂದರೆ ತೊಂದರೆ ರೌಟರ್‌ನಿಂದ ಆಚೆಗಿನ ದಾರಿಯಲ್ಲಿ. ಎರಡೂ ಕಡೆಯಿಂದ ಉತ್ತರ ಬರುತ್ತಿದ್ದು ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಡಿಎನ್‌ಎಸ್, ಅಂದರೆ ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ, ಬದಲಿಸಿ ನೋಡಿ. ವೈರ್‌ನಲ್ಲಿ ಎಲ್ಲ ಸರಿ ಇದ್ದು ವೈಫೈನಲ್ಲಿ ಮಾತ್ರ ಕಟ್ ಆಗುತ್ತಿದ್ದರೆ ಕಂಪನಿಯವರನ್ನು ಬೈದು ಉಪಯೋಗವಿಲ್ಲ. ವೈಫೈ ಓಡುವುದು 2.4 ಅಥವಾ 5 ಗಿಗಾಹರ್ಟ್ಸ್ ಅನ್ನುವ ತರಂಗಗಳಲ್ಲಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಸಂಜೆ ಅಪಾರ್ಟ್‌ಮೆಂಟಿನವರೆಲ್ಲ ಮನೆಗೆ ಬಂದ ಮೇಲೆ ಅಲ್ಲಿ ನೂಕುನುಗ್ಗಲು. 5 ಗಿಗಾಹರ್ಟ್ಸ್‌ಗೆ ಬದಲಿಸಿಕೊಳ್ಳಿ.

ನಮ್ಮ ಮನೆ ಬಸವೇಶ್ವರನಗರದಲ್ಲಿ. ಏಪ್ರಿಲ್ ಮಳೆ ಶುರುವಾದಾಗ ನಮ್ಮಲ್ಲೂ ಹೀಗೇ ಸಂಜೆ ಸಂಜೆ ನೆಟ್ ಹೋಗುತ್ತಿತ್ತು. ಲೈನಿನ ಹುಡುಗ ಬರುತ್ತಿದ್ದದ್ದು ಮರುದಿನ ಬೆಳಗ್ಗೆ, ಬಿಸಿಲಿನಲ್ಲಿ. ಅಷ್ಟೊತ್ತಿಗೆ ಎಲ್ಲ ಚೆನ್ನಾಗಿರುತ್ತಿತ್ತು. "ಸರಿ ಇದೆ ಸಾರ್" ಅಂತ ಹೋಗುತ್ತಿದ್ದ. ಸಂಜೆ ಮತ್ತೆ ಅದೇ ಪಾಡು. ಆಮೇಲೆ ಡಬ್ಬಿಯ ಸೆಟ್ಟಿಂಗ್ ಪುಟದಲ್ಲಿ ಆರ್‌ಎಕ್ಸ್ ಪವರ್ ಅಂತ ತೋರಿಸುವ ಅಂಕಿಯನ್ನು ಬರೆದಿಡಲು ಶುರುಮಾಡಿದೆ. ಒಳಗೆ ಬರುವ ಬೆಳಕು ಎಷ್ಟಿದೆ ಅಂತ ಅದು ಡಿಬಿಎಂ ಅನ್ನುವ ಅಳತೆಯಲ್ಲಿ ಹೇಳುತ್ತದೆ. ಸಾಮಾನ್ಯವಾಗಿ ಮೈನಸ್ 27 ಡಿಬಿಎಂಗಿಂತ ಕೆಳಗೆ ಇಳಿದರೆ ಡಬ್ಬಿಗೆ ಲೈನ್ ಹಿಡಿದಿಟ್ಟುಕೊಳ್ಳುವುದು ಕಷ್ಟ. ನಮ್ಮಲ್ಲಿ ಬೆಳಗ್ಗೆ ಮೈನಸ್ 22 ಇರುತ್ತಿತ್ತು. ಗಾಳಿ ಎದ್ದಾಗ ಮೈನಸ್ 29ರವರೆಗೆ ಇಳಿಯುತ್ತಿತ್ತು. ಆ ಅಂಕಿಗಳನ್ನು ಸಮಯದ ಸಮೇತ ತೋರಿಸಿದ ಮೇಲೆ ಹುಡುಗನ ಮುಖವೇ ಬದಲಾಯಿತು. "ಇದು ಮನೆಯೊಳಗಿನದಲ್ಲ ಸಾರ್" ಅಂತ ಅವನೇ ಹೊರಗೆ ಹೋಗಿ ಲೈನ್ ಹಿಡಿದು ಹುಡುಕಿದ. ಬೀದಿ ಮರದ ಕೊಂಬೆಗೆ ಫೈಬರ್ ಸುತ್ತಿ ಬಿಟ್ಟಿದ್ದರು. ಕೊಂಬೆ ಬಾಗಿದಾಗಲೆಲ್ಲ ಅದು ಮಡಚಿಕೊಳ್ಳುತ್ತಿತ್ತು. ಫೈಬರ್ ಜೋರಾಗಿ ಮಡಚಿದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ. ಬೇರೆ ಕಡೆಯಿಂದ ಎಳೆದು ಕಟ್ಟಿದ. ಆಮೇಲೆ ಮಳೆಗಾಲವಿಡೀ ತೊಂದರೆ ಬರಲಿಲ್ಲ.

ಆ ಹುಡುಗ ಕೆಲಸ ಬಲ್ಲವನು. ಫೋನ್ ಎತ್ತುವವರೂ ಕೆಟ್ಟವರಲ್ಲ, ಪರದೆಯ ಮೇಲೆ ಬಂದದ್ದನ್ನು ಓದಲೇಬೇಕು. ಅವರ ಮೇಲೆ ಕೂಗಾಡಬೇಡಿ. ನನಗೆ ನಿಜವಾಗಿ ಕೋಪ ಬರುವುದು ಗ್ರಾಹಕರನ್ನು ಕೇಳದೆ ದೂರು ಮುಚ್ಚುವ ಪದ್ಧತಿಯ ಮೇಲೆ. ನಮ್ಮ ಆಫೀಸಿನಲ್ಲಿ ದೂರು ಕೊಟ್ಟವರು "ಸರಿಹೋಯಿತು" ಅನ್ನುವವರೆಗೆ ಟಿಕೆಟ್ ಮುಚ್ಚುವಂತಿಲ್ಲ. ತಿಂಗಳು ತಿಂಗಳು ದುಡ್ಡು ಕೊಡುವ ಜನಕ್ಕೆ ಅಷ್ಟೂ ಮರ್ಯಾದೆ ಇಲ್ಲ ಅಂದರೆ ಹೇಗೆ?

ಹಾಗಾಗಿ ಪ್ರತಿ ಸಲ ಡಾಕೆಟ್ ನಂಬರ್, ಅಂದರೆ ನಿಮ್ಮ ದೂರಿನ ಸಂಖ್ಯೆ, ತೆಗೆದುಕೊಳ್ಳಿ. ಅದು ನಿಮ್ಮ ಹಕ್ಕು. ಟೆಲಿಕಾಂ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಟ್ರಾಯ್‌ನ 2012ರ ನಿಯಮದ ಪ್ರಕಾರ ಕಂಪನಿಯೊಳಗೇ ಎರಡು ಹಂತ ಇವೆ: ಮೊದಲು ದೂರು ಕೇಂದ್ರ, ಅಲ್ಲಿ ಆಗದಿದ್ದರೆ ಮೇಲ್ಮನವಿ ಪ್ರಾಧಿಕಾರ. ಮೇಲ್ಮನವಿಗೆ ಶುಲ್ಕ ಇಲ್ಲ. 39 ದಿನದೊಳಗೆ ತೀರ್ಮಾನ ಕೊಡಬೇಕು. ಟ್ರಾಯ್ ಒಬ್ಬೊಬ್ಬರ ದೂರನ್ನು ತಾನೇ ವಿಚಾರಿಸುವುದಿಲ್ಲ, ಅಲ್ಲಿಗೆ ಪತ್ರ ಬರೆದು ಕಾಯಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ. ಟೆಲಿಕಾಂ ಸೇವೆಯ ದೂರನ್ನು ಗ್ರಾಹಕ ವೇದಿಕೆಗಳು ಕೇಳಬಹುದು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಲ್ಲೇ ಹೋದರೂ ಫೋಟೋ, ಸಮಯ, ಡಾಕೆಟ್ ನಂಬರ್ ಮೂರೂ ನಿಮ್ಮ ಕೈಯಲ್ಲಿರಲಿ.

ಇವತ್ತು ಸಂಜೆ ಕಟ್ ಆದಾಗ ಎಲ್‌ಒಎಸ್ ದೀಪ ಯಾವ ಬಣ್ಣದಲ್ಲಿತ್ತು, ರೌಟರ್ ಪಿಂಗ್‌ಗೆ ಉತ್ತರ ಕೊಟ್ಟಿತಾ ಅಂತ ನೋಡಿ ಇಲ್ಲೇ ತಿಳಿಸಿ. ಮುಂದೆ ಎಲ್ಲಿ ಹುಡುಕಬೇಕು ಅಂತ ಹೇಳುತ್ತೇನೆ.